ಪೈಪಿಂದೋ ವೈರಿಂದೋ

"ಅಣ್ಣ, ಪೈಪಿಂದು ಹಾಕ್ಲಾ, ವೈರಿಂದು ಹಾಕ್ಲಾ?"

ಸಕಲೇಶಪುರದ ಹೊರವಲಯದ ಶೆಡ್ಡಿನಲ್ಲಿ, ಜೀಪಿನ ಡ್ಯಾಶ್‌ಬೋರ್ಡಿನ ಖಾಲಿ ತೂತುಗಳ ಹಿಂದಿನಿಂದ ತಲೆ ಎತ್ತಿ ಎಲೆಕ್ಟ್ರಿಷಿಯನ್ ಹುಡುಗ ಕೇಳಿದ. ಎಂಜಿನ್ ಕಟ್ಟಿ ಮುಗಿದಿತ್ತು. ಬಣ್ಣ ಒಣಗಿತ್ತು. ಸೀಟಿನ ರೆಕ್ಸಿನ್ ಹೊಲಿದು ಬಂದಿತ್ತು. ಎಂಟು ತಿಂಗಳ ಕೆಲಸದಲ್ಲಿ ಉಳಿದಿದ್ದು ಮೀಟರುಗಳಷ್ಟೇ. ಐದು ನಿಮಿಷದ ಮಾತು ಅಂದುಕೊಂಡು ಹೋದವನು "ನಾಳೆ ಹೇಳ್ತೀನಿ" ಎಂದು ಬಂದೆ. ಆ ನಾಳೆ ಬರಲು ಹನ್ನೊಂದು ದಿನ ಹಿಡಿಯಿತು.

ಪೈಪಿನದು ಎಂದರೆ ಮೆಕ್ಯಾನಿಕಲ್ ಮೀಟರ್. ಎಂಜಿನ್ನಿನಿಂದ ಒಂದು ಸಣ್ಣ ಕೊಳವೆ ಹೊರಟು ನೇರವಾಗಿ ಮೀಟರಿನ ಬೆನ್ನಿಗೆ ಬಂದು ಸೇರುತ್ತದೆ. ವೈರಿನದು ಎಂದರೆ ಎಲೆಕ್ಟ್ರಿಕ್. ಎಂಜಿನ್ನಿನ ಮೈಮೇಲೆ ಒಂದು ಸೆಂಡರ್ ಕೂತಿರುತ್ತದೆ, ಗ್ಯಾರೇಜಿನವರ ಬಾಯಲ್ಲಿ ಅದು ಬರೀ ‘ಯೂನಿಟ್’. ಅಲ್ಲಿಂದ ಮೀಟರಿಗೆ ಬರುವುದು ಒಂದು ತಂತಿ ಮಾತ್ರ. ಎದುರು ಕೂತವರಿಗೆ ಎರಡೂ ಒಂದೇ ಥರ ಕಾಣುತ್ತವೆ: ಒಂದು ಗಾಜು, ಒಂದು ಮುಳ್ಳು, ಕೆಲವು ಅಂಕಿ. ಆದರೆ ಆಯಿಲ್ ಮೀಟರನ್ನೇ ತೆಗೆದುಕೊಂಡರೆ, ಮೊದಲನೆಯದರಲ್ಲಿ ಎಂಜಿನ್ನಿನ ಎಣ್ಣೆಯೇ ನಿಮ್ಮ ಮೊಣಕಾಲಿನ ತನಕ ಬಂದು ತನ್ನ ಒತ್ತಡವನ್ನು ತಾನೇ ಹೇಳುತ್ತದೆ. ಎರಡನೆಯದರಲ್ಲಿ ಬರುವುದು ಸುದ್ದಿ ಮಾತ್ರ. ಸಾಕ್ಷಿಯನ್ನೇ ಎದುರಿಗೆ ಕರೆಸಿಕೊಳ್ಳುವುದೋ, ದೂತನ ಮಾತು ನಂಬುವುದೋ ಎಂದು ಆ ಹುಡುಗ ಕೇಳಿದ ಹಾಗಿತ್ತು.

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ಯೋಚನೆ ಯಾಕೆ ಎಂದು ಮನೆಯಲ್ಲೂ ಕೇಳಿದರು. ಈಗಿನ ಕಾರುಗಳಲ್ಲಿ ಎಂಜಿನ್ನಿನ ಆರೋಗ್ಯ ನೋಡಿಕೊಳ್ಳಲು ಒಂದು ಕಂಪ್ಯೂಟರ್ ಇರುತ್ತದೆ. ಬಿಸಿ ಹೆಚ್ಚಾದರೆ ಅದು ಕೂಗುತ್ತದೆ, ಅನೇಕ ಗಾಡಿಗಳಲ್ಲಿ ಎಂಜಿನ್ನಿನ ಶಕ್ತಿಯನ್ನೇ ತಗ್ಗಿಸಿಬಿಡುತ್ತದೆ. ಅಪ್ಪ 1974ರಲ್ಲಿ ಕೊಂಡ ಜೀಪಿಗೆ ಅಂಥ ಕಾವಲುಗಾರ ಯಾರೂ ಇಲ್ಲ. ಎಣ್ಣೆ ಬತ್ತಿದರೂ ಅದು ಓಡುತ್ತದೆ, ನೀರು ಬತ್ತಿದರೂ ಓಡುತ್ತದೆ, ಹೆಡ್ ಸೀಳುವ ತನಕ ಓಡುತ್ತದೆ. ಒಳಗೆ ಏನಾಗುತ್ತಿದೆ ಎಂದು ಹೇಳಬಲ್ಲದ್ದು ಮುಳ್ಳು ಮಾತ್ರ. ಆ ಮುಳ್ಳು ಸುಳ್ಳು ಹೇಳಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯವರು ಒಮ್ಮೆ ಅನುಭವಿಸಿದ್ದೇವೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೆಕ್ಯಾನಿಕಲ್ ಮೀಟರಿನ ಹೊಟ್ಟೆಯಲ್ಲಿರುವುದು ನೂರೆಪ್ಪತ್ತು ವರ್ಷ ದಾಟಿದ ಒಂದು ಉಪಾಯ. 1849ರಲ್ಲಿ ಫ್ರಾನ್ಸಿನ ಎಂಜಿನಿಯರ್ ಯೂಜೀನ್ ಬೂರ್ಡೋನ್ ಅದಕ್ಕೆ ಪೇಟೆಂಟ್ ಪಡೆದ. ಜಾತ್ರೆಯಲ್ಲಿ ಮಕ್ಕಳು ಊದುವ ಕಾಗದದ ಸುರುಳಿ ಪೀಪಿ ನೋಡಿದ್ದೀರಲ್ಲ, ಊದಿದರೆ ಬಿಚ್ಚಿಕೊಂಡು ನೆಟ್ಟಗಾಗುತ್ತದೆ, ಬಿಟ್ಟರೆ ಸುತ್ತಿಕೊಳ್ಳುತ್ತದೆ. ಅದನ್ನೇ ಹಿತ್ತಾಳೆಯಲ್ಲಿ ಮಾಡಿದರೆ ಹೇಗೋ ಹಾಗೆ. ಚಪ್ಪಟೆ ಮಾಡಿದ ಕೊಳವೆಯನ್ನು ಅರ್ಧಚಂದ್ರಕ್ಕಿಂತ ತುಸು ಹೆಚ್ಚು ಬಗ್ಗಿಸಿ, ಒಂದು ತುದಿ ಮುಚ್ಚಿರುತ್ತಾರೆ. ಇನ್ನೊಂದು ತುದಿಯಿಂದ ಒತ್ತಡ ಒಳನುಗ್ಗಿದಾಗ ಕೊಳವೆ ನೆಟ್ಟಗಾಗಲು ನೋಡುತ್ತದೆ. ಮುಚ್ಚಿದ ತುದಿ ಒಂದೆರಡು ಮಿಲಿಮೀಟರ್ ಅಲುಗಿದರೆ ಸಾಕು, ಸಣ್ಣ ಹಲ್ಲಿನ ಚಕ್ರಗಳು ಆ ಅಲುಗಾಟವನ್ನು ದೊಡ್ಡದು ಮಾಡಿ ಮುಳ್ಳನ್ನು ತಿರುಗಿಸುತ್ತವೆ. ಅಷ್ಟೇ. ಬ್ಯಾಟರಿ ಬೇಡ, ಫ್ಯೂಸ್ ಬೇಡ, ಕೀ ಕೂಡ ಬೇಡ. ಮೈಸೂರಿನ ರೈಲು ಮ್ಯೂಸಿಯಮ್ಮಿನಲ್ಲಿ ಉಗಿ ಎಂಜಿನ್ನುಗಳ ಚಾಲಕನ ಜಾಗದಲ್ಲಿ ಕಾಣುವ ಒತ್ತಡದ ಮೀಟರೂ ಇದೇ ಕುಲದ್ದು. ಪಂಚರ್ ಅಂಗಡಿಯ ಗಾಳಿ ಟ್ಯಾಂಕಿನ ಮೇಲಿರುವುದೂ, ಆಸ್ಪತ್ರೆಯ ಆಮ್ಲಜನಕದ ಸಿಲಿಂಡರಿಗೆ ಹಾಕಿರುವುದೂ ಸಾಮಾನ್ಯವಾಗಿ ಇದೇ. ಪ್ರಾಣಕ್ಕೆ ಸಂಬಂಧಪಟ್ಟ ಕಡೆ ಇವತ್ತಿಗೂ ಜನ ಇದನ್ನು ನಂಬುತ್ತಾರೆ ಎಂಬುದು ನನ್ನ ಮನಸ್ಸಿನಲ್ಲಿ ದೊಡ್ಡ ತೂಕದ ಮಾತು.

ಆಯಿಲ್ ಪ್ರೆಷರ್ ಇಷ್ಟು ಮುಖ್ಯವಾಗಲು ಕಾರಣ ಬೇರಿಂಗುಗಳು. ತಿರುಗುವ ಕ್ರ್ಯಾಂಕಿಗೂ ಅದನ್ನು ಹಿಡಿದ ಬೇರಿಂಗಿಗೂ ನಡುವಿನ ಸಂದು ಒಂದು ಕೂದಲೆಳೆಯಷ್ಟೂ ಇರುವುದಿಲ್ಲ. ಆ ಸಂದಿನಲ್ಲಿ ಒತ್ತಡದಲ್ಲಿ ನಿಂತ ಎಣ್ಣೆಯ ಪೊರೆ ಲೋಹವನ್ನು ಲೋಹಕ್ಕೆ ತಾಗದಂತೆ ಕಾಯುತ್ತದೆ. ಬೇರಿಂಗ್ ಸವೆದಷ್ಟೂ ಎಣ್ಣೆ ಸುಲಭವಾಗಿ ಸೋರಿಹೋಗುತ್ತದೆ, ಒತ್ತಡ ಇಳಿಯುತ್ತದೆ. ಹಾಗಾಗಿ ಈ ಮೀಟರ್ ಇವತ್ತಿನ ಅಪಾಯವನ್ನಷ್ಟೇ ಅಲ್ಲ, ಎಂಜಿನ್ನಿನ ವಯಸ್ಸನ್ನೂ ಹೇಳುತ್ತದೆ. ಎಂಜಿನ್ ಬಿಸಿಯಾದ ಮೇಲೆ ನಿಮಿಷಕ್ಕೆ ತಿರುಗುವ ಪ್ರತಿ 1000 ಸುತ್ತಿಗೆ ಸುಮಾರು 10 ಪೌಂಡ್ ಒತ್ತಡ ಇರಬೇಕು ಎಂಬುದು ಹಳೆಯ ಮೆಕ್ಯಾನಿಕ್‌ಗಳ ಬಾಯಿಲೆಕ್ಕ. ಅನೇಕ ಗಾಡಿಗಳಲ್ಲಿ ಇದಕ್ಕೆ ಮೀಟರೇ ಇಲ್ಲ, ಕೆಂಪು ದೀಪ ಮಾತ್ರ. ಆ ದೀಪದ ಸ್ವಿಚ್ ಸಾಮಾನ್ಯವಾಗಿ ಐದೋ ಏಳೋ ಪೌಂಡಿಗೆ ಇಳಿದಾಗ ಬಾಯಿ ಬಿಡುತ್ತದೆ. ಘಾಟಿಯಲ್ಲಿ ಭಾರ ಎಳೆಯುವಾಗ ಒತ್ತಡ ನಲವತ್ತರಿಂದ ಹದಿನೈದಕ್ಕೆ ಕುಸಿದರೂ ದೀಪ ಸುಮ್ಮನಿರುತ್ತದೆ. ಅದು ಬೆಳಗುವ ಹೊತ್ತಿಗೆ ಬೇರಿಂಗಿನ ಕಥೆ ಮುಗಿದಿರುತ್ತದೆ.

ಈ ಕಾರಣಕ್ಕೇ ಆಯಿಲಿನ ವಿಷಯದಲ್ಲಿ ನನಗೆ ಪೈಪಿನ ಮೇಲೆ ಒಲವು. ಸ್ಟಾರ್ಟರ್ ಎಳೆದ ಕ್ಷಣ ಮುಳ್ಳು ಏಳುತ್ತದೆ. ತಿರುವಿನಲ್ಲಿ ಎಣ್ಣೆ ಒಂದು ಕಡೆಗೆ ಸರಿದು ಪಂಪು ಗಾಳಿ ಎಳೆದರೆ ಅದೂ ಮುಳ್ಳಿನ ನಡುಕದಲ್ಲಿ ಕಾಣುತ್ತದೆ. ಆದರೆ ಇದರ ಅಪಾಯವನ್ನು ಮುಚ್ಚಿಡುವುದು ತಪ್ಪಾಗುತ್ತದೆ. ಕುದಿಬಿಸಿ ಎಣ್ಣೆ ತುಂಬಿದ ಒಂದು ಕೊಳವೆ ನಿಮ್ಮ ಕಾಲಿನ ಹತ್ತಿರ ಇದೆ. ಅದು ಬಿರಿದರೆ ಎಣ್ಣೆ ಚಿಮ್ಮುತ್ತದೆ, ಪಾದ ಸುಡುತ್ತದೆ. ಬೋನೆಟ್ಟಿನೊಳಗೆ ಬಿರಿದು ಸೈಲೆನ್ಸರಿನ ಕೆಂಡದಂಥ ಮ್ಯಾನಿಫೋಲ್ಡಿನ ಮೇಲೆ ಬಿದ್ದರೆ ಬೆಂಕಿ. ಕೊಳವೆಯ ತೂತು ಸಣ್ಣದಾದ್ದರಿಂದ ಸಂಪು ಒಮ್ಮೆಲೇ ಖಾಲಿಯಾಗುವುದಿಲ್ಲ ನಿಜ, ಆದರೆ ಗಮನಿಸದೆ ಓಡಿಸಿದರೆ ಖಾಲಿಯಾಗದೆ ಇರುವುದೂ ಇಲ್ಲ.

ತಾಮ್ರದ ಕೊಳವೆ ಬಿರಿಯುವುದು ಯಾಕೆಂದು ತಿಳಿಯಬೇಕಾದರೆ ಅಕ್ಕಸಾಲಿಗರನ್ನು ಕೇಳಬೇಕು. ತಾಮ್ರವನ್ನು ಬಡಿದಷ್ಟೂ, ಅಲುಗಿಸಿದಷ್ಟೂ ಅದು ಗಡುಸಾಗುತ್ತದೆ, ಕೊನೆಗೆ ಸೀಳುತ್ತದೆ. ಅದಕ್ಕೇ ಅವರು ಕೆಲಸದ ನಡುನಡುವೆ ಕಾಯಿಸಿ ಮೆದು ಮಾಡಿಕೊಳ್ಳುವುದು. ಎಂಜಿನ್ ರಬ್ಬರಿನ ಮೇಲೆ ಕೂತು ನಡುಗುತ್ತಿರುತ್ತದೆ, ಡ್ಯಾಶ್‌ಬೋರ್ಡ್ ಬಾಡಿಗೆ ಕಚ್ಚಿಕೊಂಡಿರುತ್ತದೆ, ನಡುವಿನ ಕೊಳವೆ ವರ್ಷಗಟ್ಟಲೆ ಈ ಎರಡರ ಜಗ್ಗಾಟ ತಿನ್ನುತ್ತದೆ. ಹಳೆಯ ಮೆಕ್ಯಾನಿಕ್‌ಗಳು ಕೊಳವೆಯನ್ನು ಎರಡು ಮೂರು ಸುತ್ತು ಸ್ಪ್ರಿಂಗಿನ ಹಾಗೆ ಸುತ್ತಿ ಬಿಡುತ್ತಿದ್ದದ್ದು ಅಂದಕ್ಕಲ್ಲ, ನಡುಕವನ್ನು ಆ ಸುತ್ತುಗಳು ನುಂಗಲಿ ಎಂದು. ಬಾಡಿಯ ತಗಡನ್ನು ದಾಟುವ ಜಾಗದಲ್ಲಿ ರಬ್ಬರ್ ಗ್ರೊಮೆಟ್ ಇರಲೇಬೇಕು, ಇಲ್ಲದಿದ್ದರೆ ತಗಡೇ ಗರಗಸವಾಗುತ್ತದೆ. ಈಗ ಮೀಟರಿನ ಜೊತೆ ನೈಲಾನ್ ಕೊಳವೆಯೂ ಬರುತ್ತದೆ. ನಡುಕಕ್ಕೆ ಅದು ಒಳ್ಳೆಯದು, ಬಿಸಿಗೆ ಅಲ್ಲ. ಮ್ಯಾನಿಫೋಲ್ಡಿನ ಹತ್ತಿರ ಹಾದರೆ ಕೆಲವೇ ವರ್ಷಗಳಲ್ಲಿ ಒಣಗಿದ ಕಡ್ಡಿಯಂತೆ ಮುರಿಯುತ್ತದೆ.

ಇನ್ನೊಂದು ಮಾತು, ತಿರುಪಿನ ಎಳೆಯ ಬಗ್ಗೆ. ಅಮೆರಿಕನ್ ಮೂಲದ ಎಂಜಿನ್ನುಗಳಲ್ಲಿ ಆಯಿಲ್ ತೂತಿನ ಎಳೆ ಅವರ ಪೈಪಿನ ಅಳತೆಯದು, ಒಂದು ಇಂಚಿಗೆ 27 ಸುತ್ತು. ಬ್ರಿಟಿಷ್ ಮೂಲದವುಗಳಲ್ಲಿ 28. ಕಣ್ಣಿಗೆ ವ್ಯತ್ಯಾಸ ಕಾಣದು. ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಸ್ಪ್ಯಾನರಿನಲ್ಲಿ ಒತ್ತಿದರೆ ಬ್ಲಾಕಿನ ಎಳೆಯೇ ಕಿತ್ತು ಬರುತ್ತದೆ. ಕೈಯಲ್ಲಿ ಹೋಗದ್ದನ್ನು ಸ್ಪ್ಯಾನರಿಗೆ ಕೊಡಬೇಡಿ.

ಆ ಹನ್ನೊಂದು ದಿನಗಳಲ್ಲಿ ನನ್ನ ಕಣ್ಣು ತೆರೆಸಿದ್ದು ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ಡ್ಯಾಶ್‌ಬೋರ್ಡ್. ನಮ್ಮ ಎಸ್ಟೇಟ್ ಜೀಪುಗಳ ಮುತ್ತಜ್ಜ ಅದು. ಯುದ್ಧ ಮುಗಿದ ಮೇಲೆ ಮಹೀಂದ್ರ ಕಂಪನಿ ಮುಂಬೈಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ಆಮೇಲೆ ಇಲ್ಲೇ ತಯಾರಾದ ಸಿಜೆ-3ಬಿ ಕೊಡಗಿನಿಂದ ಚಿಕ್ಕಮಗಳೂರಿನ ತನಕ ಕಾಫಿ ತೋಟದ ಮನೆಮನೆಯ ಗಾಡಿಯಾಯಿತು. ಆ ಯುದ್ಧದ ಜೀಪಿನಲ್ಲಿ ಐದು ಮೀಟರುಗಳು: ವೇಗ, ಇಂಧನ, ಆಯಿಲ್ ಪ್ರೆಷರ್, ಬಿಸಿ, ಆಂಪಿಯರ್. ಗುಂಡು ಹಾರುವ ಜಾಗಕ್ಕೆ ಹೋಗುವ ಗಾಡಿ ಅದು. ಅದನ್ನು ಮಾಡಿದವರು ಪೈಪಿನ ಪಕ್ಷವನ್ನೂ ಹಿಡಿಯಲಿಲ್ಲ, ವೈರಿನ ಪಕ್ಷವನ್ನೂ ಹಿಡಿಯಲಿಲ್ಲ. ಆಯಿಲ್ ಪ್ರೆಷರಿಗೆ ಕೊಳವೆ, ಬಿಸಿಗೆ ಕೊಳವೆ, ವೇಗಕ್ಕೆ ತಿರುಗುವ ಕೇಬಲ್. ತಂತಿ ಇಂಧನಕ್ಕೆ ಮತ್ತು ಆಂಪಿಯರಿಗೆ ಮಾತ್ರ. ಪೆಟ್ರೋಲನ್ನು ಕೊಳವೆಯಲ್ಲಿ ಡ್ಯಾಶ್‌ಬೋರ್ಡಿಗೆ ತರುವ ಹುಚ್ಚು ಯಾರೂ ಮಾಡಬಾರದು, ಅವರೂ ಮಾಡಲಿಲ್ಲ. ಹೀಗೆ ಒಂದೊಂದು ಮೀಟರಿಗೂ ಬೇರೆಬೇರೆ ತೀರ್ಮಾನ. ನಾನು ಅಲ್ಲಿಯ ತನಕ ಇಡೀ ಡ್ಯಾಶ್‌ಬೋರ್ಡಿಗೆ ಒಂದೇ ಉತ್ತರ ಹುಡುಕುತ್ತಿದ್ದೆ. ಕೇಳಬೇಕಾದದ್ದು ಬೇರೆ: ಈ ಮೀಟರ್ ಕೆಡುವಾಗ ಹೇಗೆ ಕೆಡುತ್ತದೆ? ಕೆಟ್ಟಾಗ ನನಗೆ ಗೊತ್ತಾಗುತ್ತದೆಯೋ, ಇಲ್ಲ ಎಲ್ಲ ಸರಿಯಿದೆ ಎಂದು ನಂಬಿಸುತ್ತದೆಯೋ?

ವೈರಿನ ಮೀಟರ್ ಕೆಡುವ ದಾರಿಗಳು ಹೆಚ್ಚು, ಹಾಗಾಗಿ ಅದರ ಕೆಲಸ ತುಸು ವಿವರವಾಗಿ ನೋಡಬೇಕು. ಟ್ಯಾಂಕಿನಲ್ಲಿ ತೇಲುವ ಬುರುಡೆ ಮೇಲೆ ಕೆಳಗೆ ಆದಂತೆ ಯೂನಿಟ್ಟಿನೊಳಗಿನ ವಿದ್ಯುತ್ ತಡೆ, ಅಂದರೆ ಓಮ್, ಹೆಚ್ಚು ಕಡಿಮೆಯಾಗುತ್ತದೆ. ಬಿಸಿಯ ಯೂನಿಟ್ಟಿನಲ್ಲಿ ನೀರು ಬಿಸಿಯಾದಷ್ಟೂ ತಡೆ ಇಳಿಯುತ್ತದೆ. ಮೀಟರ್ ನೋಡುವುದು ಈ ತಡೆಯನ್ನಷ್ಟೇ. ಅದಕ್ಕೆ ಪೆಟ್ರೋಲಿನ ಗುರುತಿಲ್ಲ, ನೀರಿನ ಗುರುತಿಲ್ಲ.

ಈಗ ತೊಂದರೆ ಏನೆಂದರೆ ಯಾವ ತಡೆಗೆ ಏನರ್ಥ ಎಂಬುದು ಎಲ್ಲ ಕಡೆ ಒಂದೇ ಅಲ್ಲ. ಜರ್ಮನಿಯ ವಿಡಿಒ ಪದ್ಧತಿಯ ಇಂಧನ ಮೀಟರಿನಲ್ಲಿ ಖಾಲಿಗೆ 10 ಓಮ್, ತುಂಬಿದ್ದಕ್ಕೆ 180. ಅಮೆರಿಕದ ಒಂದು ಪದ್ಧತಿಯಲ್ಲಿ ಖಾಲಿಗೆ 240, ತುಂಬಿದ್ದಕ್ಕೆ 33. ಜನರಲ್ ಮೋಟಾರ್ಸ್ ಬಹುಕಾಲ ಬಳಸಿದ್ದು ಖಾಲಿಗೆ 0, ತುಂಬಿದ್ದಕ್ಕೆ 90. ಹಳೆಯ ಫೋರ್ಡ್‌ಗಳಲ್ಲಿ ಖಾಲಿಗೆ 73, ತುಂಬಿದ್ದಕ್ಕೆ 10. ಈ ಕೊನೆಯ ಎರಡನ್ನು ಬೆರೆಸಿ ನೋಡಿ: ಫೋರ್ಡ್ ಪದ್ಧತಿಯ ಯೂನಿಟ್ಟಿಗೆ ಜನರಲ್ ಮೋಟಾರ್ಸ್ ಪದ್ಧತಿಯ ಮೀಟರ್ ಸೇರಿಸಿದರೆ ತುಂಬಿದ ಟ್ಯಾಂಕು ಖಾಲಿ ಎನ್ನುತ್ತದೆ, ಖಾಲಿ ಟ್ಯಾಂಕು ಮುಕ್ಕಾಲಿನ ಮೇಲಿದೆ ಎನ್ನುತ್ತದೆ. ಮೀಟರೂ ಕೆಟ್ಟಿಲ್ಲ, ಯೂನಿಟ್ಟೂ ಕೆಟ್ಟಿಲ್ಲ, ಇಬ್ಬರೂ ಬೇರೆಬೇರೆ ಭಾಷೆ ಆಡುತ್ತಿದ್ದಾರೆ ಅಷ್ಟೇ. ನಮ್ಮೂರಿನ ಅರ್ಧಕ್ಕರ್ಧ ಹಳೆಯ ಗಾಡಿಗಳಲ್ಲಿ "ಮೀಟರ್ ಕೆಲ್ಸ ಮಾಡಲ್ಲ" ಎಂಬ ದೂರಿನ ಹಿಂದೆ ಇರುವುದು ಇದೇ ಇರಬೇಕು ಎಂದು ನನಗೆ ಅನುಮಾನ. ಒಂದು ಸಲ ಮೀಟರ್ ಬದಲಾಯಿಸಿರುತ್ತಾರೆ, ಇನ್ನೊಂದು ಸಲ ಯೂನಿಟ್, ಜೋಡಿ ಯಾವತ್ತೋ ತಪ್ಪಿರುತ್ತದೆ. ವೈರಿನದು ಕೊಳ್ಳುವುದಾದರೆ ಮೀಟರ್ ಮತ್ತು ಯೂನಿಟ್ ಒಂದೇ ತಯಾರಕರದು, ಒಂದೇ ಜೋಡಿಯದು ಕೊಳ್ಳಿ. ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ಇಡಿ.

ಹಳೆಯ ವೈರಿನ ಮೀಟರುಗಳಲ್ಲಿ ಮುಳ್ಳನ್ನು ತಿರುಗಿಸುವುದು ಹೆಚ್ಚಾಗಿ ಎರಡು ಲೋಹ ಬೆಸೆದ ಒಂದು ಪಟ್ಟಿ. ಇಸ್ತ್ರಿ ಪೆಟ್ಟಿಗೆ ಬಿಸಿಯಾದಾಗ ತಾನಾಗಿ ಆಫ್ ಆಗುವುದು ಇಂಥದೇ ಪಟ್ಟಿಯಿಂದ. ಅದರ ಸುತ್ತ ಸುತ್ತಿದ ತಂತಿಯಲ್ಲಿ ಕರೆಂಟ್ ಹರಿದು ಪಟ್ಟಿ ಕಾಯುತ್ತದೆ, ಬಾಗುತ್ತದೆ, ಮುಳ್ಳು ಸರಿಯುತ್ತದೆ. ಕೀ ಹಾಕಿದ ಮೇಲೆ ಮುಳ್ಳು ನಿದ್ದೆಯಿಂದ ಎದ್ದಂತೆ ಮೆಲ್ಲಗೆ ಏರುವುದು ಇದರಿಂದಲೇ. ಟ್ಯಾಂಕಿನ ವಿಷಯಕ್ಕೆ ಈ ನಿಧಾನ ಒಂದು ಗುಣ. ಘಾಟಿಯಲ್ಲಿ ಪೆಟ್ರೋಲ್ ಕುಲುಕಿದರೂ ಮುಳ್ಳು ಕುಲುಕುವುದಿಲ್ಲ. ಆಯಿಲ್ ಪ್ರೆಷರಿಗೆ ಮಾತ್ರ ಈ ನಿಧಾನ ಒಳ್ಳೆಯದಲ್ಲ. ಬ್ಯಾಟರಿಯ ವೋಲ್ಟೇಜ್ ಏರಿಳಿದರೆ ಈ ಪಟ್ಟಿಯ ಬಿಸಿಯೂ ಏರಿಳಿಯುತ್ತದೆಂದು ಬ್ರಿಟಿಷ್ ಕಾರುಗಳಲ್ಲಿ ಒಂದು ಸಣ್ಣ ಸ್ಟೆಬಿಲೈಸರ್ ಇಟ್ಟು ಸರಾಸರಿ 10 ವೋಲ್ಟ್ ಕೊಡುತ್ತಿದ್ದರು. ಆ ಡಬ್ಬಿಯ ಅರ್ತ್ ಬಿಟ್ಟರೆ ಪೂರ್ತಿ ಬ್ಯಾಟರಿ ವೋಲ್ಟೇಜ್ ಮೀಟರುಗಳಿಗೆ ನುಗ್ಗಿ, ಪೆಟ್ರೋಲೂ ಹೆಚ್ಚು, ಬಿಸಿಯೂ ಹೆಚ್ಚು ಎಂದು ತೋರಿಸುತ್ತದೆ. ಎರಡು ಮುಳ್ಳು ಒಟ್ಟಿಗೆ ಸುಳ್ಳು ಹೇಳಿದರೆ ಎಂಜಿನ್ನನ್ನು ಬಿಚ್ಚಬೇಡಿ, ಆ ಡಬ್ಬಿಯನ್ನು ನೋಡಿ.

ಅರ್ತ್ ಎಂದೆನಲ್ಲ, ಹಳೆಯ ಗಾಡಿಯಲ್ಲಿ ವೈರಿನ ಮೀಟರಿನ ದೊಡ್ಡ ಶತ್ರು ಅದೇ. ಒಂಟಿ ತಂತಿಯ ಯೂನಿಟ್ಟುಗಳು ತಮ್ಮ ಮೈಯ ಎಳೆಯ ಮೂಲಕವೇ ಎಂಜಿನ್ನಿಗೆ ಅರ್ತ್ ಹಿಡಿಯುತ್ತವೆ. ಸೋರಬಾರದೆಂದು ಎಳೆಗೆ ಬಿಳಿ ಟೇಪನ್ನು ದಪ್ಪಗೆ ಸುತ್ತಿದರೆ ಸೋರುವುದು ನಿಲ್ಲುತ್ತದೆ, ಅರ್ತೂ ನಿಲ್ಲಬಹುದು. ಹೊಸದಾಗಿ ಬಣ್ಣ ಬಳಿಸಿದ ಗಾಡಿಯಲ್ಲಿ ಟ್ಯಾಂಕು ಕೂತ ಜಾಗದ ಬಣ್ಣವೇ ಅಡ್ಡ ಬರುತ್ತದೆ. ಐವತ್ತು ಮಳೆಗಾಲ ಕಂಡ ಮಲೆನಾಡಿನ ಜೀಪಿನಲ್ಲಿ ಬಾಡಿ ಅರ್ತ್ ಎಂಬುದು ನಂಬಿಕೆಯ ಮಾತು. ತುಕ್ಕಿನ ಒಂದು ಪದರ ನಡುವೆ ಸೇರಿದರೆ ಅದೂ ತಡೆಯೇ. ಮೀಟರಿಗೆ ತುಕ್ಕು ಯಾವುದು, ಬುರುಡೆ ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ.

ಇನ್ನು ಬಿಸಿಯ ಮೀಟರ್, ನಮ್ಮ ಕಡೆ ‘ಹೀಟ್ ಮೀಟರ್’. ಪೈಪಿನ ಹೀಟ್ ಮೀಟರಿನಲ್ಲೂ ಒಳಗಿರುವುದು ಬೂರ್ಡೋನನ ಕೊಳವೆಯೇ. ಆದರೆ ಇಲ್ಲಿ ಎಂಜಿನ್ನಿನ ನೀರು ಮೀಟರಿನ ತನಕ ಬರುವುದಿಲ್ಲ. ತುದಿಯ ಹಿತ್ತಾಳೆ ಬಲ್ಬಿನಲ್ಲಿ ಈಥರಿನಂಥ ಬೇಗ ಆವಿಯಾಗುವ ದ್ರವ ತುಂಬಿ, ಕೂದಲಿನಂಥ ತೂತಿನ ಕೊಳವೆಯ ಮೂಲಕ ಮೀಟರಿಗೆ ಬೆಸೆದು ಮುಚ್ಚಿರುತ್ತಾರೆ. ಈಥರ್ 35 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವಂಥದ್ದು. ಬಲ್ಬ್ ಕಾದಷ್ಟೂ ಆವಿಯ ಒತ್ತಡ ಏರುತ್ತದೆ, ಏರುವ ವೇಗವೂ ಹೆಚ್ಚುತ್ತಾ ಹೋಗುತ್ತದೆ. ಅದಕ್ಕೇ ಈ ಮೀಟರಿನ ಮುಖದಲ್ಲಿ ತಣ್ಣಗಿನ ಅಂಕಿಗಳು ಒತ್ತೊತ್ತಾಗಿಯೂ ಬಿಸಿಯ ಅಂಕಿಗಳು ದೂರದೂರವಾಗಿಯೂ ಇರುತ್ತವೆ. ಅಪಾಯದ ಹತ್ತಿರ ಐದು ಡಿಗ್ರಿಯ ವ್ಯತ್ಯಾಸ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಬೇಕಾದ ಜಾಗದಲ್ಲೇ ಬಿಡಿಸಿ ಹೇಳುವ ಈ ಗುಣ ನನಗೆ ಬಹಳ ಇಷ್ಟ.

ಇದರ ದೌರ್ಬಲ್ಯವೂ ಅಲ್ಲೇ ಇದೆ. ಬಲ್ಬ್, ಕೊಳವೆ, ಮೀಟರ್ ಮೂರೂ ಒಂದೇ ದೇಹ. ಉದ್ದ ಹೆಚ್ಚಾಯಿತೆಂದು ಕತ್ತರಿಸುವಂತಿಲ್ಲ, ಕಡಿಮೆಯಾಯಿತೆಂದು ಸೇರಿಸುವಂತಿಲ್ಲ. ಒಂದು ಕಡೆ ಮಡಿಕೆ ಬಿದ್ದು ಸೀಳಿದರೆ ಈಥರ್ ಹಾರಿಹೋಗಿ ಮುಳ್ಳು ಸೊನ್ನೆಯಲ್ಲಿ ಮಲಗುತ್ತದೆ. ಒಳ್ಳೆಯದೆಂದರೆ ಅದು ಮಲಗಿದ್ದು ಗೊತ್ತಾಗುತ್ತದೆ. ಅರ್ಧ ಗಂಟೆ ಓಡಿದ ಎಂಜಿನ್ ತಣ್ಣಗಿದೆ ಎಂದರೆ ಯಾರೂ ನಂಬುವುದಿಲ್ಲ.

ನಂಬಿದವರೂ ಉಂಟು. ಈಗ ನಮ್ಮ ಮನೆಯ ಕಥೆ. 1996ರ ಜನವರಿ. ಟ್ರೇಲರಿನಲ್ಲಿ ಕಾಫಿ ಮೂಟೆ ಹಾಕಿಕೊಂಡು ಅಪ್ಪ ಹಾಸನದ ಕ್ಯೂರಿಂಗಿಗೆ ಹೊರಟಿದ್ದರು, ಪಕ್ಕದಲ್ಲಿ ನಾನು. ತೋಟದಿಂದ ಡಾಂಬರು ರಸ್ತೆಗೆ ಏರುವ ಕಡಿದಾದ ದಾರಿಯಲ್ಲಿ ಹೀಟ್ ಮೀಟರಿನ ಮುಳ್ಳು ಮುಕ್ಕಾಲು ದಾಟಿತು. "ಮೇಲೆ ಹತ್ತಿ ನಿಲ್ಸಣ" ಎಂದರು ಅಪ್ಪ. ಹತ್ತುವಷ್ಟರಲ್ಲಿ ಮುಳ್ಳು ತಾನಾಗಿ ಇಳಿಯತೊಡಗಿತು. ಅರ್ಧಕ್ಕೆ ಬಂತು, ಇನ್ನೂ ಕೆಳಗೆ ಬಂತು. ಗಾಳಿ ತಾಗಿ ತಣಿಯಿತು ಎಂದುಕೊಂಡು ಅಪ್ಪ ನಿಲ್ಲಿಸದೆ ಮುಂದೆ ಹೋದರು. ಆರು ಕಿಲೋಮೀಟರ್ ಆಚೆ ಎಂಜಿನ್ ಒಂದು ಸಲ ನರಳಿ ನಿಂತಿತು. ರೇಡಿಯೇಟರಿನ ಕೆಳಗಿನ ಹೋಸ್ ಪೈಪ್ ಒಡೆದು ನೀರೆಲ್ಲ ಏರಿನಲ್ಲೇ ಚೆಲ್ಲಿಹೋಗಿತ್ತು. ಆ ಹೋಸ್ ಬದಲಿಸಬೇಕೆಂದು ಎರಡು ವರ್ಷದಿಂದ ನಾವೇ ಮುಂದೂಡುತ್ತಾ ಬಂದಿದ್ದೆವು. ಹೆಡ್ ಸೀಳಿತ್ತು. ಆ ವರ್ಷದ ಮೆಣಸಿನ ದುಡ್ಡು ಅದಕ್ಕೇ ಹೋಯಿತು.

ಮುಳ್ಳು ಯಾಕೆ ಇಳಿಯಿತು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಯೂನಿಟ್ ಅಳೆಯುವುದು ತನ್ನ ಮೈಗೆ ತಾಗಿದ್ದನ್ನು ಮಾತ್ರ. ನೀರಿನ ಮಟ್ಟ ಅದಕ್ಕಿಂತ ಕೆಳಗೆ ಇಳಿದ ಮೇಲೆ ಅದು ಗಾಳಿಯಲ್ಲಿ ನೇತಾಡುತ್ತಿತ್ತು. ಗಾಳಿ ನೀರಿನಷ್ಟು ಚೆನ್ನಾಗಿ ಬಿಸಿಯನ್ನು ಮುಟ್ಟಿಸುವುದಿಲ್ಲ. ಎರಡು ಇಂಚು ಆಚೆ ಕಬ್ಬಿಣ ಸುಡುತ್ತಿದ್ದರೂ ಅದಕ್ಕೆ ತಿಳಿಯಲಿಲ್ಲ. ಆ ದಿನ ನಮ್ಮಲ್ಲಿದ್ದದ್ದು ವೈರಿನ ಮೀಟರ್. ಪೈಪಿನದಿದ್ದರೂ ಅದೇ ಆಗುತ್ತಿತ್ತು, ಬಲ್ಬ್ ಇರುವುದೂ ಅದೇ ತೂತಿನಲ್ಲಿ. ಪೈಪು ವೈರುಗಳ ಜಗಳದಲ್ಲಿ ಮುಳುಗಿದವರು ಮರೆಯುವ ಮಾತು ಇದು. ಬಿಸಿ ಹತ್ತಿದ ಮುಳ್ಳು ಕಾರಣವಿಲ್ಲದೆ ಇಳಿದರೆ ಅದು ಸಮಾಧಾನದ ಸುದ್ದಿ ಅಲ್ಲ, ತಕ್ಷಣ ನಿಲ್ಲಿಸಬೇಕಾದ ಸುದ್ದಿ.

ಇಲ್ಲಿ ವೈರಿನ ಕಡೆಗೆ ಒಂದು ದೊಡ್ಡ ಅನುಕೂಲವಿದೆ. ಹೆಡ್ಡಿನ ಒಂದು ಬೋಲ್ಟಿನ ಕೆಳಗೆ ಉಂಗುರದಂತೆ ಕೂರುವ ಸೆನ್ಸರುಗಳು ಸಿಗುತ್ತವೆ. ಅವು ಅಳೆಯುವುದು ನೀರನ್ನಲ್ಲ, ಲೋಹವನ್ನೇ. ನೀರು ಪೂರ್ತಿ ಖಾಲಿಯಾದರೂ ಲೋಹ ಅಲ್ಲೇ ಇರುತ್ತದಲ್ಲ. ಮಿತಿ ದಾಟಿದರೆ ಬಜರ್ ಕಿರುಚುತ್ತದೆ. 1996ರಲ್ಲಿ ನಮ್ಮ ಜೀಪಿನಲ್ಲಿ ಅದೊಂದಿದ್ದಿದ್ದರೆ ಒಂದು ಹೋಸಿನ ಖರ್ಚಿನಲ್ಲಿ ಮುಗಿಯುತ್ತಿತ್ತು.

ಯಾವ ಅಂಕಿ ಅಪಾಯದ್ದು ಎಂಬುದೂ ಊರಿನ ಮೇಲೆ ನಿಂತಿದೆ. ಸಮುದ್ರಮಟ್ಟದಿಂದ 300 ಮೀಟರ್ ಏರಿದರೆ ನೀರು ಕುದಿಯುವ ಬಿಸಿ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಸಕಲೇಶಪುರದಲ್ಲಿ 97ರ ಹತ್ತಿರ, ಮಡಿಕೇರಿಯಲ್ಲಿ 96ರ ಹತ್ತಿರ, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ 94ರ ಒಳಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ 7 ಪೌಂಡ್ ಒತ್ತಡ ಹಿಡಿದರೆ ಅದು ಹನ್ನೊಂದು ಹನ್ನೆರಡು ಡಿಗ್ರಿ ಮೇಲಕ್ಕೆ ಹೋಗುತ್ತದೆ. ಮುಚ್ಚಳದ ರಬ್ಬರ್ ಸತ್ತಿದ್ದರೆ ಆ ಲಾಭ ಇಲ್ಲ. ಹಾಗಾಗಿ ಮೀಟರ್ 98 ತೋರಿಸಿದರೆ ಹೆದರಬೇಕೋ ಬೇಡವೋ ಎಂಬುದಕ್ಕೆ ಉತ್ತರ ಮುಚ್ಚಳದಲ್ಲಿದೆ. ಬರೀ ‘ತಣ್ಣಗೆ–ಬಿಸಿ’ ಎಂದು ಬರೆದ ಮೀಟರಿಗಿಂತ ಅಂಕಿ ಇರುವ ಮೀಟರ್ ಬೇಕು ಎಂದು ನಾನು ಹಟ ಹಿಡಿದದ್ದು ಇದಕ್ಕೆ.

ಆಂಪಿಯರ್ ಮೀಟರಿನ ಬಗ್ಗೆ ಹೆಚ್ಚು ಯೋಚಿಸಬೇಕಿಲ್ಲ, ಆದರೆ ಉದಾಸೀನ ಮಾಡುವಂತೆಯೂ ಇಲ್ಲ. ಸ್ಟಾರ್ಟರ್ ಎಳೆಯುವುದನ್ನು ಬಿಟ್ಟರೆ, ಬ್ಯಾಟರಿಗೆ ಹೋಗುವ, ಬ್ಯಾಟರಿಯಿಂದ ಬರುವ ಕರೆಂಟೆಲ್ಲ ಈ ಮೀಟರಿನ ಮೂಲಕವೇ ಹಾದುಹೋಗುತ್ತದೆ. ಇಪ್ಪತ್ತು ಮೂವತ್ತು ಆಂಪಿಯರ್ ಕೊಡುವ ಡೈನಮೋ ಇದ್ದ ಕಾಲಕ್ಕೆ ಅದು ಸರಿ. ಈಗ ಬಹುತೇಕ ಹಳೆಯ ಗಾಡಿಗಳಿಗೆ ಆಲ್ಟರ್ನೇಟರ್ ಹಾಕಿಸುತ್ತಾರೆ, ಅದು ಅದರ ಎರಡರಷ್ಟು ಕೊಡಬಲ್ಲದು. ಮೀಟರ್ ಹಳೆಯದೇ, ತಂತಿ ಹಳೆಯದೇ. ಬ್ಯಾಟರಿ ಇಳಿದಿದ್ದ ಬೆಳಿಗ್ಗೆ ಗಾಡಿ ಚಾಲೂ ಮಾಡಿದರೆ ಡ್ಯಾಶ್‌ಬೋರ್ಡಿನ ಹಿಂದೆ ತಂತಿ ಕಾಯುತ್ತದೆ, ಹೊಗೆ ಬರುತ್ತದೆ. ಆಲ್ಟರ್ನೇಟರ್ ಹಾಕಿಸಿದ್ದರೆ ಆಂಪಿಯರ್ ಮೀಟರನ್ನು ತೆಗೆದು ವೋಲ್ಟ್ ಮೀಟರ್ ಹಾಕಿಸಿ. ನಿಂತ ಗಾಡಿಯಲ್ಲಿ 12.6ರ ಹತ್ತಿರ, ಓಡುವಾಗ 13.8ರಿಂದ 14.4ರ ನಡುವೆ ಇದ್ದರೆ ಚಾರ್ಜಿಂಗ್ ಸರಿಯಿದೆ.

ಸ್ಪೀಡೋಮೀಟರಿನ ಕೇಬಲನ್ನು ಮಾತ್ರ ಮುಟ್ಟಬೇಡಿ ಎನ್ನುತ್ತೇನೆ. 1902ರಲ್ಲಿ ಜರ್ಮನಿಯ ಒಟ್ಟೊ ಶುಲ್ಟ್ಸೆ ಪೇಟೆಂಟ್ ಪಡೆದ ಉಪಾಯ ಅದು: ಕೇಬಲ್ ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ, ಅದನ್ನು ಮುಟ್ಟದೆ ಸುತ್ತುವರಿದ ಲೋಹದ ಬಟ್ಟಲು ಅದರ ಸೆಳೆತಕ್ಕೆ ಸಿಕ್ಕಿ ಸ್ವಲ್ಪ ತಿರುಗುತ್ತದೆ, ಕೂದಲಿನಂಥ ಸ್ಪ್ರಿಂಗು ಹಿಂದಕ್ಕೆ ಎಳೆಯುತ್ತದೆ. ಬೇಕಾದ್ದು ಕೇಬಲ್ಲಿಗೆ ತುಸು ಗ್ರೀಸ್ ಮಾತ್ರ. ದೊಡ್ಡ ಟಯರ್ ಹಾಕಿಸಿದ್ದರೆ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ, ಅದು ಮೀಟರಿನ ತಪ್ಪಲ್ಲ.

ಮೀಟರುಗಳಿಗಾಗಿ ಬೆಂಗಳೂರಿಗೆ ಹೋದೆ. ಹೊಸದು ಬೇಕಾದರೆ ಜೆ.ಸಿ. ರಸ್ತೆ, ಹಳೆಯದು ಬೇಕಾದರೆ ಶಿವಾಜಿನಗರದ ಗುಜರಿ. ಗುಜರಿಯಲ್ಲಿ ಒಂದು ಹಳೆಯ ಪೈಪಿನ ಹೀಟ್ ಮೀಟರ್ ಸಿಕ್ಕಿತು, ಗಾಜು ಮಸುಕಾಗಿತ್ತು, ಕೊಳವೆ ನೆಟ್ಟಗಿತ್ತು. ಜೀವ ಇದೆಯೋ ಇಲ್ಲವೋ ನೋಡುವುದು ಹೇಗೆ ಎಂದು ಅಂಗಡಿಯ ಹಿರಿಯರೇ ತೋರಿಸಿಕೊಟ್ಟರು. ಪಕ್ಕದ ಚಹಾ ಅಂಗಡಿಯಿಂದ ಒಂದು ಲೋಟ ಬಿಸಿನೀರು ತರಿಸಿ ಬಲ್ಬನ್ನು ಅದರಲ್ಲಿ ಮುಳುಗಿಸಿದರು. ಮುಳ್ಳು ಒಂದು ಕ್ಷಣ ಅನುಮಾನಿಸಿ, ಆಮೇಲೆ ಮೆಲ್ಲಗೆ ಎದ್ದು ಎಂಬತ್ತರ ಹತ್ತಿರ ನಿಂತಿತು. "ಈಥರ್ ಇದೆ ಸಾರ್, ತಗೊಂಡ್ ಹೋಗಿ" ಎಂದರು. ಮನೆಯಲ್ಲಿ ಒಲೆಯ ಮೇಲೆ ಪಾತ್ರೆಯಿಟ್ಟು ಕುದಿಯುವ ನೀರಿನಲ್ಲಿ ಇನ್ನೊಮ್ಮೆ ನೋಡಿದೆ, 97 ಬರಬೇಕಾದಲ್ಲಿ 95 ತೋರಿಸಿತು. ಎರಡು ಡಿಗ್ರಿಯ ಈ ಹೆಚ್ಚುಕಡಿಮೆ ಗೊತ್ತಿದ್ದರೆ ಸಾಕು. ಆಯಿಲ್ ಮೀಟರಾದರೆ ಸೈಕಲ್ ಪಂಪಿನಿಂದ ಗಾಳಿ ಕೊಟ್ಟು ನೋಡಬಹುದು. ಮುಳ್ಳು ಏರಬೇಕು, ಬಿಟ್ಟಾಗ ಸೊನ್ನೆಗೇ ಮರಳಬೇಕು. ಗಾಜಿನ ಒಳಗೆ ಎಣ್ಣೆಯ ಜಿಡ್ಡು ಕಂಡರೆ ಎಷ್ಟು ಚಂದ ಇದ್ದರೂ ಬೇಡ, ಒಳಗಿನ ಕೊಳವೆ ಸೀಳಿದೆ ಎಂದರ್ಥ. ಟ್ಯಾಂಕ್ ಯೂನಿಟ್ಟಿಗೆ ಮಲ್ಟಿಮೀಟರ್ ಹಿಡಿದು ಬುರುಡೆಯನ್ನು ಕೈಯಲ್ಲಿ ಏರಿಸಿ ಇಳಿಸಿ, ಓಮ್ ಎಲ್ಲೂ ಜಿಗಿಯದೆ ಸರಾಗವಾಗಿ ಬದಲಾಗಬೇಕು.

ಎಲ್ಲ ಹಳೆಯ ಗಾಡಿಗಳಿಗೂ ನನ್ನ ಉತ್ತರ ಹೊಂದುವುದಿಲ್ಲ. ಎಂಜಿನ್ ಹಿಂದಿರುವ ಫೋಕ್ಸ್‌ವ್ಯಾಗನ್ ಬೀಟಲಿನಂಥ ಕಾರಿಗೆ ಇಡೀ ಗಾಡಿಯುದ್ದ ಎಣ್ಣೆಯ ಕೊಳವೆ ಎಳೆಯುವುದು ಬುದ್ಧಿವಂತಿಕೆ ಅಲ್ಲ, ಅಲ್ಲಿ ವೈರಿನದೇ ಸರಿ. ಮನೆಮಂದಿ ದಿನವೂ ಓಡಿಸುವ ಕಾರಾದರೆ, ವರ್ಷಕ್ಕೆ ಎರಡು ಸಲವಾದರೂ ಬೋನೆಟ್ ತೆಗೆದು ಕೊಳವೆಯನ್ನು ಬೆರಳಿನಲ್ಲಿ ಸವರಿ ನೋಡುವ ವ್ಯವಧಾನ ಇಲ್ಲದಿದ್ದರೆ, ಆಗಲೂ ವೈರಿನದೇ. ಪೈಪಿನ ಮೀಟರ್ ಪ್ರಾಮಾಣಿಕ ನಿಜ, ಆದರೆ ಆರೈಕೆ ಕೇಳುತ್ತದೆ. ಈಗ ಬರುವ ಹೊಸ ಎಲೆಕ್ಟ್ರಿಕ್ ಮೀಟರುಗಳಲ್ಲಿ ಕಾಯುವ ಪಟ್ಟಿಯ ಬದಲು ಸಣ್ಣ ಸ್ಟೆಪ್ಪರ್ ಮೋಟಾರ್ ಇರುತ್ತದೆ. ಮುಳ್ಳು ಚುರುಕು, ಬ್ಯಾಟರಿಯ ಏರಿಳಿತಕ್ಕೆ ಬಗ್ಗುವುದಿಲ್ಲ, ಬೆಲೆ ಜಾಸ್ತಿ. ಒಳ್ಳೆಯ ಜೋಡಿ ಸಿಕ್ಕಿದರೆ ಪೈಪಿನದಕ್ಕೆ ಅದು ಕಡಿಮೆಯಲ್ಲ ಎಂದು ಒಪ್ಪುತ್ತೇನೆ.

ಹನ್ನೆರಡನೆಯ ದಿನ ಶೆಡ್ಡಿಗೆ ಹೋಗಿ ಹೇಳಿದೆ: ಆಯಿಲಿಗೆ ಪೈಪಿಂದು, ಹೀಟಿಗೆ ಪೈಪಿಂದು, ಟ್ಯಾಂಕಿಗೆ ವೈರಿಂದು, ಆಂಪಿಯರ್ ಜಾಗಕ್ಕೆ ವೋಲ್ಟ್ ಮೀಟರ್, ಹೆಡ್ ಬೋಲ್ಟಿಗೆ ಒಂದು ಸೆನ್ಸರ್ ಮತ್ತು ಬಜರ್. ಆಯಿಲ್ ತೂತಿಗೆ ಹಿತ್ತಾಳೆಯ ‘ಟಿ’ ಹಾಕಿ ಒಂದು ಕಡೆ ಕೊಳವೆ, ಇನ್ನೊಂದು ಕಡೆ ಕೆಂಪು ದೀಪದ ಸ್ವಿಚ್. ಮುಳ್ಳು ನೋಡಲು ಮರೆತವರಿಗೆ ದೀಪ ಇರಲಿ. ಹುಡುಗ ಎಲ್ಲ ಕೇಳಿಸಿಕೊಂಡು, "ಟಿ ಮೇಲೆ ಭಾರ ಜಾಸ್ತಿ ಇಡಂಗಿಲ್ಲ ಅಣ್ಣ, ನಡುಕಕ್ಕೆ ಮುರ್ಯುತ್ತೆ" ಎಂದ. ಅವನು ಹೇಳಿದ್ದು ನಿಜ. ತೂಕದ ಯೂನಿಟ್ಟನ್ನು ಹಿತ್ತಾಳೆಯ ತುದಿಗೆ ನೇತುಹಾಕಿ ಮುರಿದುಕೊಂಡವರು ಇದ್ದಾರೆ. ನಮ್ಮದು ಸಣ್ಣ ಸ್ವಿಚ್, ತಡೆಯುತ್ತದೆ.

ಸಂಜೆ ನಾಲ್ಕಕ್ಕೆ ಅಪ್ಪನನ್ನು ಕರೆತಂದು ಸೀಟಿನಲ್ಲಿ ಕೂರಿಸಿದೆವು. ಅವರು ಸ್ಟಾರ್ಟರ್ ಒತ್ತಿದರು. ಮುಳ್ಳು ಒಂದು ಸಲ ಅದುರಿ ನಲವತ್ತೈದಕ್ಕೆ ಏರಿತು. ಇಪ್ಪತ್ತು ನಿಮಿಷ ಕಾದೆವು. ಹೀಟ್ ಮೀಟರ್ ಎಂಬತ್ತು ದಾಟಿ ನಿಂತಿತು, ಆಯಿಲ್ ನಿಧಾನಗತಿಯಲ್ಲಿ ಹದಿನೆಂಟಕ್ಕೆ ಇಳಿಯಿತು. ಅಪ್ಪ ಹೀಟ್ ಮೀಟರಿನಿಂದ ಕಣ್ಣು ತೆಗೆಯದೆ, "ಹೋಸೆಲ್ಲ ಹೊಸದು ಹಾಕ್ಸಿದೀಯ ತಾನೆ?" ಎಂದು ಕೇಳಿದರು. ಹಾಕಿಸಿದ್ದೆ.

ಹೊರಡುವಾಗ ಹುಡುಗ ‘ಟಿ’ಯ ಕೆಳಗೆ ಬಟ್ಟೆ ಹಿಡಿದು ತೋರಿಸಿದ, ಒಂದು ಹನಿ ಎಣ್ಣೆಯ ಗುರುತಿತ್ತು. "ನೂರು ಕಿಲೋಮೀಟರ್ ಆದ್ಮೇಲೆ ಬನ್ನಿ ಅಣ್ಣ, ಇನ್ನೊಂದು ಚೂರು ಟೈಟ್ ಮಾಡ್ಬೇಕು." ಈಗ ಅರವತ್ತನಾಲ್ಕು ಆಗಿದೆ. ದಿನಾ ಬೆಳಿಗ್ಗೆ ಬೋನೆಟ್ ತೆಗೆದು ಆ ಜಾಗವನ್ನು ಒರೆಸಿ ನೋಡುತ್ತೇನೆ.